ಕಪ್ಪು ಮೈಯ ಹೊನ್ನಿನ ಬಳ್ಳಿ

ಆಯುಧಪೂಜೆಯ ಹಿಂದಿನ ದಿನ. ಮನೆಯ ಮೂಲೆಯಲ್ಲಿದ್ದ ಹೊಲಿಗೆ ಮಿಷನ್ನು ಹಜಾರಕ್ಕೆ ಬರುತ್ತದೆ. ಅಜ್ಜಿಯ ಕಾಲದ್ದು. ಕಪ್ಪು ಮೈ, ಅದರ ಮೇಲೆ ಬಂಗಾರದ ಬಣ್ಣದ ಬಳ್ಳಿ, ತೋಳಿನ ಮೇಲೆ ಸಿಂಗರ್ ಎಂಬ ಹೆಸರು. ಬಕೆಟ್ಟಿನಲ್ಲಿ ಸೋಪಿನಪುಡಿ ಕದಡಿದ ಬಿಸಿನೀರು, ಕೈಯಲ್ಲಿ ಪಾತ್ರೆ ತಿಕ್ಕುವ ಸ್ಪಂಜು. ವರ್ಷದ ಧೂಳು, ಎಣ್ಣೆಯ ಜಿಡ್ಡು ಎಲ್ಲ ಹೋಗಲಿ ಎಂದು ಒತ್ತಿ ತಿಕ್ಕಿದಂತೆಲ್ಲ ನೀರು ಕಂದಾಗುತ್ತದೆ, ತಿಕ್ಕುವವರಿಗೆ ಸಮಾಧಾನವಾಗುತ್ತದೆ. ಒರೆಸಿ ಬಿಸಿಲಿಗಿಟ್ಟ ಮೇಲೆ ನಿಜ ಕಾಣುತ್ತದೆ. ಬಳ್ಳಿಯ ಅಂಚಿನ ಚಿನ್ನ ಬೆಳ್ಳಿಯಾಗಿದೆ. ಹೆಸರಿನ ಮೊದಲಕ್ಷರದ ಅರ್ಧ ಸ್ಪಂಜಿಗೆ ಅಂಟಿಕೊಂಡು ಬಂದಿದೆ. ಕನ್ನಡಿಯಂತಿದ್ದ ಕಪ್ಪು ಮಂಕಾಗಿ ಒಣಗಿದ ಸ್ಲೇಟಿನ ಬಣ್ಣಕ್ಕೆ ತಿರುಗಿದೆ. ಮೂರು ತಲೆಮಾರಿನ ಹೊಲಿಗೆಯಿಂದ ಆಗದ ಹಾನಿ ಒಂದು ಮಧ್ಯಾಹ್ನದಲ್ಲಿ ಆಗಿಹೋಗಿರುತ್ತದೆ.

ಹೀಗಾಗುವುದು ಯಂತ್ರವನ್ನು ಪ್ರೀತಿಸುವ ಮನೆಗಳಲ್ಲೇ. ಬೇಡವಾದವರು ಅದನ್ನು ಎಂದೋ ಗುಜರಿಗೆ ಹಾಕಿರುತ್ತಾರೆ. ಹಾಗಾಗಿ ಯಾವ ಪಾಲಿಶ್ ಹಚ್ಚಬೇಕು ಎಂದು ಕೇಳುವ ಮೊದಲು ಬೇರೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಆ ಕಪ್ಪು ಏನು, ಆ ಚಿನ್ನ ಏನು, ಅವೆರಡರ ಮೇಲೆ ತೆಳ್ಳನೆ ಗಾಜಿನಂತೆ ಕೂತಿರುವುದು ಏನು? ಈ ಮೂರು ಪದರಗಳ ಗುಣ ತಿಳಿದರೆ, ಯಾವುದನ್ನು ಹತ್ತಿರ ಸೇರಿಸಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಹೆಚ್ಚಿನ ಹಳೆಯ ಯಂತ್ರಗಳಲ್ಲಿ ಹೊಳಪು ಕೊಳೆಯ ಕೆಳಗೆ ಇದ್ದೇ ಇರುತ್ತದೆ. ಅದರ ಮೇಲೆ ಕೂತದ್ದನ್ನು ತೆಗೆಯುವ ತಾಳ್ಮೆ ಬೇಕು, ಅಷ್ಟೇ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ, ದರ್ಜಿ ಅಂಗಡಿಗಳಲ್ಲಿ ಸಿಗುವ ಸಿಂಗರ್‌ಗಳಲ್ಲಿ ಬಹಳಷ್ಟು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಿಂದ ಬಂದವು. ಗ್ಲಾಸ್ಗೊ ಪಕ್ಕದ ಈ ಊರಿನ ಕಿಲ್ಬೋವಿ ಎಂಬಲ್ಲಿ ಸಿಂಗರ್ ಕಂಪನಿಯ ಕಾರ್ಖಾನೆ 1885ರಲ್ಲಿ ಶುರುವಾಯಿತು. ಮಾದರಿಯ ಅಂಕಿಯ ಪಕ್ಕದಲ್ಲಿ 15ಕೆ, 66ಕೆ, 201ಕೆ ಎಂದು ‘ಕೆ’ ಇದ್ದರೆ ಅದು ಕಿಲ್ಬೋವಿಯ ‘ಕೆ’. 1913ರ ಹೊತ್ತಿಗೆ ಅಲ್ಲಿ ಸುಮಾರು 14,000 ಮಂದಿ ದುಡಿಯುತ್ತಿದ್ದರು, ಆ ಒಂದೇ ವರ್ಷ 13 ಲಕ್ಷದಷ್ಟು ಯಂತ್ರಗಳು ಹೊರಬಿದ್ದವು. ಕಾರ್ಖಾನೆ 1980ರಲ್ಲಿ ಮುಚ್ಚಿತು. ಅದರ ಹೆಸರಾಂತ ಗಡಿಯಾರದ ಗೋಪುರವನ್ನು ಅದಕ್ಕೂ ಮೊದಲೇ ಕೆಡವಿದ್ದರು. ಪಕ್ಕದ ರೈಲು ನಿಲ್ದಾಣದ ಹೆಸರು ಮಾತ್ರ ಇಂದಿಗೂ ‘ಸಿಂಗರ್’ ಎಂದೇ ಇದೆ.

ಆ ಲಕ್ಷಾಂತರ ಎರಕದ ಕಬ್ಬಿಣದ ಮೈಗಳಿಗೆ ಬಳಿದದ್ದು ಇಂದಿನ ಅರ್ಥದ ಪೇಂಟ್ ಅಲ್ಲ. ಅದಕ್ಕೆ ಜಪಾನಿಂಗ್ ಎನ್ನುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಜಪಾನ್, ಚೀನಾಗಳಿಂದ ಬಂದ ಮೆರುಗಿನ ಪೆಟ್ಟಿಗೆಗಳನ್ನು ಕಂಡು ಯುರೋಪ್ ಮರುಳಾಯಿತು. ಆ ಮೆರುಗು ಅಲ್ಲಿನ ಉರುಶಿ ಎಂಬ ಮರದ ಹಾಲಿನಿಂದ ಬರುವಂಥದ್ದು. ಆ ಮರ ಯುರೋಪಿನಲ್ಲಿ ಇರಲಿಲ್ಲ. ಆದ್ದರಿಂದ ತಮಗೆ ಸಿಕ್ಕ ಸಾಮಗ್ರಿಯಲ್ಲೇ ಅದರ ನಕಲು ಮಾಡಲು ಹೊರಟರು. ವೇಲ್ಸ್‌ನ ಪಾಂಟಿಪೂಲ್, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್, ಬಿಲ್‌ಸ್ಟನ್ ಊರುಗಳ ತಟ್ಟೆ, ಟ್ರೇಗಳು ಈ ಕೆಲಸಕ್ಕೆ ಹೆಸರಾದವು. ಕಪ್ಪು ಜಪಾನಿಂಗ್‌ನ ಜೀವಾಳ ಆಸ್ಫಾಲ್ಟಮ್, ನೆಲದಲ್ಲಿ ತಾನಾಗಿ ಸಿಗುವ ಒಂದು ಬಗೆಯ ಡಾಂಬರು. ಅದನ್ನು ಅಗಸೆ ಎಣ್ಣೆಯೊಂದಿಗೆ ಕಾಯಿಸಿ, ಟರ್ಪೆಂಟೈನ್‌ನಲ್ಲಿ ತೆಳುಮಾಡಿ, ಲೋಹಕ್ಕೆ ಹಚ್ಚಿ, ನೀರು ಕುದಿಯುವ ಬಿಸಿಗಿಂತ ಹೆಚ್ಚಿನ ಕಾವಿನ ಗೂಡಿನಲ್ಲಿ ಬೇಯಿಸುತ್ತಿದ್ದರು. ಬೆಂದ ಪದರವನ್ನು ನುಣ್ಣಗೆ ಉಜ್ಜಿ ಮತ್ತೊಂದು ಪದರ, ಮತ್ತೆ ಗೂಡು. ಉತ್ತರ ಕರ್ನಾಟಕದ ಹೊಲಗಳಲ್ಲಿ ನೀಲಿ ಹೂ ಬಿಡುವ ಅದೇ ಅಗಸೆಯ ಎಣ್ಣೆ ಕಾವಿನಲ್ಲಿ ಗಾಳಿಯೊಂದಿಗೆ ಬೆರೆತು ಗಟ್ಟಿಯಾಗಿ, ಡಾಂಬರನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಹಾಗೆ ಹುಟ್ಟಿದ್ದು ಆ ಆಳವಾದ ಕಪ್ಪು.

ಬೇರೆ ಬಣ್ಣ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಡಾಂಬರಿನಲ್ಲೇ ಇದೆ. ಅದನ್ನು ತಿಳಿ ಬಣ್ಣಕ್ಕೆ ತಿರುಗಿಸಲು ಬರುವುದಿಲ್ಲ. 1914ರಿಂದ 1925ರವರೆಗೆ ಫೋರ್ಡ್‌ನ ಮಾಡೆಲ್ ಟಿ ಕಾರುಗಳು ಕಪ್ಪಾಗಿಯೇ ಬಂದಾಗ ಅವುಗಳ ಮೇಲಿದ್ದದ್ದೂ ಇದೇ ಕುಲದ ಬಣ್ಣ.

ಈ ಡಾಂಬರಿಗೆ ಇನ್ನೊಂದು ಗುಣವಿದೆ. 1826–27ರ ಸುಮಾರಿಗೆ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ತನ್ನ ಮನೆಯ ಕಿಟಕಿಯಿಂದ ಕಂಡ ಛಾವಣಿಗಳನ್ನು ಲೋಹದ ತಗಡಿನ ಮೇಲೆ ಹಿಡಿದಿಟ್ಟ. ಕ್ಯಾಮೆರಾದಲ್ಲಿ ತೆಗೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅದೇ ಅತಿ ಹಳೆಯದು. ಆ ತಗಡಿಗೆ ಅವನು ಹಚ್ಚಿದ್ದು ಇದೇ ಜಾತಿಯ ಡಾಂಬರನ್ನು. ಬೆಳಕು ಬಿದ್ದಲ್ಲಿ ಅದು ಗಡುಸಾಗುತ್ತದೆ, ನೆರಳಿದ್ದಲ್ಲಿ ಮೆತ್ತಗೇ ಉಳಿಯುತ್ತದೆ ಎಂಬುದೇ ಅವನ ಚಿತ್ರದ ಗುಟ್ಟು. ಬೆಳಕಿಗೆ ಇಷ್ಟು ಸ್ಪಂದಿಸುವ ವಸ್ತುವನ್ನು ಮೈಗೆ ಹೊದ್ದ ಯಂತ್ರವನ್ನು ವರ್ಷಗಟ್ಟಲೆ ಪಡಸಾಲೆಯ ಬಿಸಿಲು ಕಿಟಕಿಯ ಕೆಳಗೆ ಇಟ್ಟರೆ, ಬಿಸಿಲು ಬೀಳುವ ಬದಿ ಕಂದಿ, ಕೂದಲೆಳೆಯಂಥ ಬಿರುಕುಗಳು ಬಲೆಯಾಗಿ ಹರಡುವುದರಲ್ಲಿ ಆಶ್ಚರ್ಯವಿಲ್ಲ. ಯಂತ್ರದ ಜಾಗವನ್ನು ನಾಲ್ಕು ಅಡಿ ಬದಲಿಸಿದರೆ ಸಾಕು, ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಕಪ್ಪಿನ ಮೇಲಿನ ಚಿತ್ತಾರವನ್ನು ಕೈಯಿಂದ ಬರೆದದ್ದು ಎಂದೇ ಹಲವರು ತಿಳಿದಿರುತ್ತಾರೆ. ಅದು ಕಾಗದದ ಮೇಲೆ ಅಚ್ಚಾಗಿ ಬಂದು, ಮೈಗೆ ಅಂಟಿದ ಮೇಲೆ ಕಾಗದ ಜಾರಿಹೋಗುವ ಪಟ. ಮಕ್ಕಳು ಕೈಗೆ ಅಂಟಿಸಿಕೊಳ್ಳುವ ಸ್ಟಿಕ್ಕರ್ ಹಚ್ಚೆಯ ಹಿರಿಯ ಬಂಧು ಎನ್ನಬಹುದು. ಆದರೆ ಎಂಥ ಪಟಗಳು! 27, 127 ಮಾದರಿಗಳ ಮೇಲೆ ಈಜಿಪ್ಟಿನ ಸ್ಫಿಂಕ್ಸ್ ಕೂತಿದೆ. ಟುಟನ್‌ಖಾಮನ್‌ನ ಸಮಾಧಿ 1922ರಲ್ಲಿ ತೆರೆದು ಜಗತ್ತಿಗೆಲ್ಲ ಈಜಿಪ್ಟಿನ ಹುಚ್ಚು ಹಿಡಿಯುವ ಎಷ್ಟೋ ಮೊದಲೇ ಅದು ಹೊಲಿಗೆ ಮೇಜಿನ ಮೇಲಿತ್ತು. ಅಮೆರಿಕದಲ್ಲಿ ತಯಾರಾದ 66ರ ಮೇಲೆ ಕೆಂಪು ಕಣ್ಣಿನಂಥ ಚಿತ್ತಾರ, ಕ್ಲೈಡ್‌ಬ್ಯಾಂಕ್‌ನ 66ಕೆ ಮೇಲೆ ತಾವರೆ. ಕೂದಲಿನಷ್ಟೂ ದಪ್ಪವಿಲ್ಲದ ಈ ಪಟಗಳನ್ನು ಕಾಯಲು ಮೇಲೆ ಬಣ್ಣವಿಲ್ಲದ ವಾರ್ನಿಷ್ ಬಳಿಯುತ್ತಿದ್ದರು. ಯಂತ್ರದ ಸೊಬಗೆಲ್ಲ ಈ ಕಾವಲು ಪದರದ ಕೈಯಲ್ಲಿದೆ.

ಈ ಮೇಲ್ಪದರದ ಪಾಕ ಎಲ್ಲ ಕಾಲಕ್ಕೂ, ಎಲ್ಲ ಕಾರ್ಖಾನೆಗೂ ಒಂದೇ ಆಗಿರಲಿಲ್ಲ. ಆದರೂ ಬಹಳಷ್ಟು ಹಳೆಯ ಯಂತ್ರಗಳಲ್ಲಿ ಅದು ಅರಗಿನಂತೆಯೇ ನಡೆದುಕೊಳ್ಳುತ್ತದೆ, ಸ್ಪಿರಿಟ್ ತಾಗಿದೊಡನೆ ಕರಗಿ ಅಂಟಂಟಾಗುತ್ತದೆ. ಇದನ್ನು ಅರ್ಥಮಾಡಿಕೊಳ್ಳಲು ಕನ್ನಡಿಗರು ಸ್ಕಾಟ್ಲೆಂಡಿಗೆ ಹೋಗಬೇಕಿಲ್ಲ. ಮುತ್ತುಗ, ಬೋರೆ ಮರಗಳ ಕೊಂಬೆಗೆ ಕಚ್ಚಿಕೊಂಡು ಬದುಕುವ ಪುಟ್ಟ ಕೀಟ ಸ್ರವಿಸುವ ಅಂಟೇ ಅರಗು. ಜಾರ್ಖಂಡ್‌ನ ಕಾಡುಗಳು ಅದರ ದೊಡ್ಡ ನೆಲೆ. ಅಲ್ಲಿನ ರಾಂಚಿ ಬಳಿ 1924ರಲ್ಲೇ ಅರಗಿನ ಸಂಶೋಧನೆಗೆಂದು ಸಂಸ್ಥೆ ಹುಟ್ಟಿತು. ಗ್ರಾಮಫೋನಿನ ಹಳೆಯ ತಟ್ಟೆಗಳೂ ಅರಗಿನವೇ. ಚನ್ನಪಟ್ಟಣದ ಬೊಂಬೆಯವರು ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ಹೊದ್ದುಕೊಳ್ಳುತ್ತದೆ. ಆಮೇಲೆ ಒಣಗಿಸಿದ ಕೇದಗೆ ಜಾತಿಯ ಎಲೆ ಒತ್ತಿ ಹಿಡಿದರೆ ಹೊಳಪು ಏಳುತ್ತದೆ. ಅರಗು ಬಿಸಿಗೆ ಬೇಗ ಸೋಲುತ್ತದೆ ಎಂಬುದು ಪಾಂಡವರಿಗೆಂದು ಅರಗಿನ ಮನೆ ಕಟ್ಟಿಸಿದವರಿಗೂ ಗೊತ್ತಿತ್ತು. ಶುದ್ಧ ಅರಗು ಕರಗಲು ಸುಮಾರು 75 ಡಿಗ್ರಿ ಸೆಲ್ಸಿಯಸ್ ಸಾಕು. ಹೊಲಿಯುತ್ತಾ ಹೊಲಿಯುತ್ತಾ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಯಂತ್ರದ ಹಾಸಿನ ಮೇಲೆಯೇ ಇಡುವ ಅಭ್ಯಾಸ ಎಷ್ಟು ಅಪಾಯದ್ದು ಎಂಬುದು ಇದರಿಂದ ತಿಳಿಯುತ್ತದೆ.

ಅರಗಿಗೆ ನೀರೂ ಆಗದು. ಫ್ರೆಂಚ್ ಪಾಲಿಶ್ ಮಾಡಿದ ಮೇಜಿನ ಮೇಲೆ ಬಿಸಿ ಕಾಫಿಯ ಲೋಟ ಇಟ್ಟರೆ ಬಿಳಿ ಉಂಗುರ ಏಳುತ್ತದಲ್ಲ, ಅದು ಅರಗಿನೊಳಗೆ ಸೇರಿದ ತೇವ. ಯಂತ್ರದ ಮೇಲೂ ಆಗುವುದು ಅದೇ. ವಯಸ್ಸಾದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಸೋಪಿನ ನೀರು ಅಲ್ಲಿಂದ ಇಳಿದು ಪಟದ ಅಡಿಗೆ ಸೇರುತ್ತದೆ, ಪಟ ಮೇಲೇಳುತ್ತದೆ. ಗಾಜು ಒರೆಸುವ ದ್ರಾವಣದಲ್ಲಿ ಅಮೋನಿಯಾ ಇದ್ದರಂತೂ ಇನ್ನೂ ಬೇಗ. ಚಿನ್ನದ ಗೆರೆ ಬೆಳ್ಳಿಯಾಗುವ ರೋಗ ಹುಟ್ಟುವುದು ಬಹುತೇಕ ಹೀಗೆ ಕ್ಷಾರದ ದ್ರಾವಣ ಹಾಕಿ ತಿಕ್ಕಿದಾಗ. ಮೇಲಿನ ಹೊಂಬಣ್ಣದ ಪದರ ಸವೆದು ಕೆಳಗಿನ ಬಿಳಿ ಲೋಹದ ಹುಡಿ ಬಯಲಾಗುತ್ತದೆ. ಒಮ್ಮೆ ಬೆಳ್ಳಿಯಾದದ್ದನ್ನು ಯಾವ ಪಾಲಿಶ್ಶೂ ಮತ್ತೆ ಚಿನ್ನ ಮಾಡದು.

ಹಾಗಾದರೆ ಹತ್ತಿರ ಸೇರಿಸಬಾರದವು ಯಾವುವು? ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರಾವಣ, ಅಮೋನಿಯಾ, ಪಾತ್ರೆ ತಿಕ್ಕುವ ಪುಡಿ. ಇವಕ್ಕೆ ಹೊಸದಾಗಿ ಸೇರಿದ್ದು ಸ್ಯಾನಿಟೈಸರ್. ಅದರ ಬಹುಪಾಲು ಆಲ್ಕೋಹಾಲ್. ಹಚ್ಚಿಕೊಂಡ ಕೈ ಒಣಗುವ ಮುನ್ನ ಯಂತ್ರದ ಹಾಸನ್ನು ಮುಟ್ಟಿದರೆ ಬೆರಳಿನ ಗುರುತು ಅಲ್ಲೇ ಉಳಿದುಬಿಡಬಹುದು. ಸೀಮೆಎಣ್ಣೆಯ ವಿಚಾರ ಸ್ವಲ್ಪ ಬೇರೆ. ಒಳಗಿನ ಗೇರು, ಶಟಲ್‌ಗಳಲ್ಲಿ ಹೆಪ್ಪುಗಟ್ಟಿದ ಎಣ್ಣೆ ಬಿಡಿಸಲು ಮೆಕ್ಯಾನಿಕ್‌ಗಳು ಅದನ್ನು ಬಳಸುವುದು ರೂಢಿ. ಅದು ಒಳಗೇ ಇರಲಿ, ಚಿತ್ತಾರದ ಮೇಲೆ ನೆನೆಯಲು ಬಿಡುವುದು ಬೇಡ.

ಕೊಬ್ಬರಿ ಎಣ್ಣೆಯ ಮಾತನ್ನು ಇಲ್ಲೇ ಹೇಳಿಬಿಡಬೇಕು. ಮಿಷನ್ ಎಣ್ಣೆ ಮುಗಿದಾಗ ತಲೆಗೆ ಹಚ್ಚುವ ಎಣ್ಣೆಯನ್ನೇ ನಾಲ್ಕು ಹನಿ ಬಿಡುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಕೊಬ್ಬರಿ, ಹರಳು, ಕಡಲೆಕಾಯಿ ಎಣ್ಣೆಗಳು ಯಾವುವೂ ಯಂತ್ರಕ್ಕೆ ಹೇಳಿದವಲ್ಲ. ಕಾಲ ಕಳೆದಂತೆ ಅವು ಹಳಸಿ, ಅಂಟಾಗಿ, ಧೂಳನ್ನು ಸೆಳೆದು ಕಂದು ಗೋಂದಾಗುತ್ತವೆ. ಹಳೆಯ ಯಂತ್ರದ ಮೈಮೇಲೆ ಕಾಣುವ ಹಳದಿ ಕಂದಿನ ಮಬ್ಬಿನಲ್ಲಿ ದೊಡ್ಡ ಪಾಲು ಇದೇ. ಹೊಲಿಗೆ ಯಂತ್ರದ ಎಣ್ಣೆಯೆಂದು ಮಾರುವುದು ಬಣ್ಣ, ವಾಸನೆ ಇಲ್ಲದ ಶುದ್ಧ ಖನಿಜ ಎಣ್ಣೆ. ಅದು ಗೋಂದಾಗುವುದಿಲ್ಲ. ಶುಚಿಮಾಡುವ ಕೆಲಸಕ್ಕೂ ಅದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ, ಬೆಲೆಯೂ ಅತಿ ಕಡಿಮೆ.

ಕೆಲಸ ಹೀಗೆ ಸಾಗುತ್ತದೆ. ಮೊದಲು ಮೆತ್ತನೆಯ ಪೇಂಟ್ ಬ್ರಷ್‌ನಿಂದ ಒಣ ಧೂಳನ್ನೆಲ್ಲ ಉದುರಿಸಬೇಕು. ಧೂಳಿನಲ್ಲಿ ಮರಳಿನ ಕಣವಿರುತ್ತದೆ, ಅದರ ಮೇಲೆಯೇ ಬಟ್ಟೆ ಉಜ್ಜಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಆಮೇಲೆ ಯಾರ ಕಣ್ಣಿಗೂ ಬೀಳದ ಜಾಗವೊಂದನ್ನು, ಹಾಸಿನ ಹಿಂಬದಿಯ ಅಂಚನ್ನೋ ಕಂಬದ ಹಿಂಭಾಗವನ್ನೋ ಆರಿಸಿಕೊಂಡು, ಕಿವಿಗೆ ಬಳಸುವ ಹತ್ತಿ ಕಡ್ಡಿಯ ತುದಿಯನ್ನು ಮಿಷನ್ ಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಸುತ್ತು ಸುತ್ತಾಗಿ ಆಡಿಸಬೇಕು. ಈಗ ಹತ್ತಿಯನ್ನು ನೋಡಬೇಕು. ಕಂದು ಬಂದರೆ ಅದು ಕೊಳೆ, ಹಳೆಯ ಎಣ್ಣೆ, ಬೀಡಿ ಸಿಗರೇಟಿನ ಹೊಗೆಯ ಜಿಡ್ಡು. ಮುಂದುವರಿಯಬಹುದು. ಹೊಸ ಹೊಸ ಕಡ್ಡಿ ಬದಲಿಸಿದರೂ ಇದ್ದಿಲಿನಂಥ ಕಪ್ಪೇ ಬರುತ್ತಿದ್ದರೆ ಬಣ್ಣವೇ ಬಿಡುತ್ತಿರಬಹುದು. ಹೊನ್ನಿನ ಚೂರು ಮಿಂಚಿದರೆ ಕೈ ಅಲ್ಲೇ ನಿಲ್ಲಬೇಕು. ಅಂಥ ಯಂತ್ರದ ಪಟದ ಮೇಲ್ಪದರ ಆಗಲೇ ಹೋಗಿದೆ. ಅದರ ಚಿತ್ತಾರವನ್ನು ತಿಕ್ಕದೆ ಎಣ್ಣೆಯ ಬಟ್ಟೆಯನ್ನು ಸುಮ್ಮನೆ ಒತ್ತಿ ಒತ್ತಿ ತೆಗೆಯುವುದಷ್ಟೇ ಉಳಿದ ದಾರಿ.

ಪರೀಕ್ಷೆಯಲ್ಲಿ ಗೆದ್ದ ಯಂತ್ರಕ್ಕೆ ಧಾರಾಳವಾಗಿ ಎಣ್ಣೆ ಸವರಿ ಒಂದೆರಡು ಗಂಟೆ ಬಿಡಬಹುದು, ಹಟಮಾರಿ ಜಿಡ್ಡಿದ್ದರೆ ರಾತ್ರಿಯಿಡೀ. ಮೋಟಾರು, ವೈರುಗಳಿರುವ ಯಂತ್ರವಾದರೆ ಅವನ್ನು ಬಿಚ್ಚಿಟ್ಟು, ಎಣ್ಣೆ ಅತ್ತ ಹರಿಯದಂತೆ ನೋಡಿಕೊಳ್ಳಬೇಕು. ನೆನೆದ ಜಿಡ್ಡನ್ನು ಒಗೆದೊಗೆದು ಮೆತ್ತಗಾದ ಬನಿಯನ್ ಬಟ್ಟೆಯಲ್ಲಿ ಒರೆಸುವಾಗ ಒಂದು ಬಾರಿಗೆ ಅಂಗೈಯಗಲದ ಜಾಗ ಸಾಕು. ಮೊದಲ ಒರೆಸಿಗೆ ಬಟ್ಟೆಗೆ ಚಹಾದ ಬಣ್ಣ. ಎರಡನೆಯದಕ್ಕೆ, ಅದುವರೆಗೆ ಬರಿಯ ಕಪ್ಪೆಂದುಕೊಂಡಿದ್ದ ಕಡೆ ಒಂದು ಎಲೆಯ ತುದಿ ಕಾಣುತ್ತದೆ. ಮೂರನೆಯದಕ್ಕೆ ಎಲೆಯಿಂದ ಬಳ್ಳಿ, ಬಳ್ಳಿಯಿಂದ ಅಂಚಿನ ಜೋಡಿ ಗೆರೆ. ಕೊಳೆಯ ಕೆಳಗೆ ಪಾಚಿಹಸಿರಿನಂತೆ ಕಾಣುತ್ತಿದ್ದದ್ದು ಚಿನ್ನವೆಂದು ಗೊತ್ತಾಗುವ ಆ ಕ್ಷಣಕ್ಕಾಗಿಯೇ ಎಷ್ಟೋ ಜನ ಈ ಕೆಲಸಕ್ಕೆ ಕೈಹಾಕುತ್ತಾರೆ. ಪೂರ್ತಿ ಯಂತ್ರಕ್ಕೆ ಎರಡು ಮೂರು ಸಂಜೆಗಳು ಬೇಕು. ಒಂದೇ ಸಲಕ್ಕೆ ಮುಗಿಸುವ ಅವಸರವಿದ್ದವರು ಕೈಹಾಕದಿರುವುದೇ ಯಂತ್ರಕ್ಕೆ ಕ್ಷೇಮ.

ಕೊಳೆ ಹೋದ ಮೇಲೆ ಸೂಜಿಯ ಮುಂದಿನ ಹಾಸಿನಲ್ಲಿ, ಕಂಬದ ಎದುರು ಭಾಗದಲ್ಲಿ ಸಣ್ಣ ಸಣ್ಣ ಗೀರುಗಳ ಮಳೆಯೇ ಕಾಣಬಹುದು. ಬಟ್ಟೆಗೆ ಚುಚ್ಚಿದ ಗುಂಡುಸೂಜಿಗಳು ಹೊಲಿಗೆಯ ಜೊತೆ ಹರಿದಾಡಿ ಮಾಡಿದ ಗುರುತುಗಳವು. ಹಾಸಿನ ಅಂಚಿನ ಬಳ್ಳಿ ಅಳಿಸಿಹೋಗಿರುವುದು ಅಲ್ಲಿ ದಿನವೂ ಜಾರಿದ ಬಟ್ಟೆಯಿಂದ, ಒರಗಿದ ಮುಂಗೈಯಿಂದ. ಕೊಳೆಯಂತೆ ಇವನ್ನು ಒರೆಸಿ ತೆಗೆಯಲು ಬರುವುದಿಲ್ಲ.

ಇಲ್ಲಿಂದ ಮುಂದೆ ಪಾಲಿಶ್‌ನ ಪ್ರಶ್ನೆ. ಕಾರಿನ ಅಂಗಡಿಯಲ್ಲಿ ಸಿಗುವ ಪಾಲಿಶ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಉಜ್ಜುವ ಹುಡಿ ಇರುತ್ತದೆ. ಅದು ಮೇಲಿನ ಪದರವನ್ನು ಕೂದಲೆಳೆಯಷ್ಟು ಹೆರೆದು ನುಣುಪು ಮಾಡಿ ಹೊಳಪು ಕೊಡುತ್ತದೆ. ಕಾರಿನ ದಪ್ಪ ಬಣ್ಣ ಅದನ್ನು ತಾಳುತ್ತದೆ, ನೂರು ವರ್ಷದ ವಾರ್ನಿಷ್ ತಾಳದು. ಚಿತ್ತಾರವಿಲ್ಲದ ಬರಿಯ ಕಪ್ಪಿನ ಮೇಲೆ ಅತಿ ನಯವಾದ ಹುಡಿಯ ಪಾಲಿಶ್ಶನ್ನು ಅನುಭವಿಗಳು ಬಳಸುವುದುಂಟು. ಪಟದ ಮೇಲೆ ಅದನ್ನು ಎಂದಿಗೂ ತರಬಾರದು. ಇನ್ನೊಂದು ಜಾತಿ ಬರಿಯ ಮೇಣ, ಇದು ಏನನ್ನೂ ಹೆರೆಯುವುದಿಲ್ಲ. ಡಬ್ಬಿಯ ಮೇಲೆ ಸಿಲಿಕೋನ್ ಎಂದು ಬರೆದಿದ್ದರೆ ಅದನ್ನೂ ಬಿಡುವುದು ಒಳ್ಳೆಯದು. ಮುಂದೆ ಎಂದಾದರೂ ಅರಗು ಅಥವಾ ಬಣ್ಣ ಹಚ್ಚಬೇಕಾಗಿ ಬಂದರೆ ಸಿಲಿಕೋನ್ ಕೂತ ಜಾಗದಲ್ಲಿ ಅದು ಹಿಡಿಯದೆ ಕುಳಿ ಬೀಳುತ್ತದೆ.

ಮೇಣಗಳಲ್ಲೂ ಭೇದವಿದೆ. ಜೇನುಮೇಣ 60 ಡಿಗ್ರಿಯ ಆಸುಪಾಸಿಗೇ ಕರಗುವ ಮೆದು ವಸ್ತು. ಬೇಸಿಗೆಯಲ್ಲಿ ಬೆರಳಚ್ಚು, ಧೂಳು ಎರಡನ್ನೂ ಹಿಡಿದುಕೊಳ್ಳುತ್ತದೆ. ಬ್ರೆಜಿಲ್‌ನ ಕಾರ್ನೌಬಾ ತಾಳೆಯ ಎಲೆಗಳಿಂದ ಉದುರಿಸಿ ತೆಗೆಯುವ ಮೇಣ ಕರಗಲು 80 ಡಿಗ್ರಿಗೂ ಹೆಚ್ಚು ಬೇಕು. ಗಡುಸು, ಹೊಳಪೂ ಆಳ. ಕಾರಿನ ಮೇಣಗಳಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಸಂಗ್ರಹಾಲಯಗಳವರು ನೆಚ್ಚಿಕೊಂಡದ್ದು ಪೆಟ್ರೋಲಿಯಂನಿಂದ ಬರುವ ಸೂಕ್ಷ್ಮಹರಳಿನ ಮೇಣವನ್ನು. ರಿನೈಸಾನ್ಸ್ ವ್ಯಾಕ್ಸ್ ಎಂಬ ಹೆಸರಿನ ಅಂಥ ಮೇಣವನ್ನು 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪಿಸಿದರು. ಯಾವುದೇ ಆಗಲಿ, ಪ್ರಮಾಣ ಮಾತ್ರ ಅತಿ ಕಡಿಮೆ: ಬೆರಳ ತುದಿಯಲ್ಲಿ ಕುಂಕುಮ ತೆಗೆಯುವಷ್ಟು. ಅದನ್ನು ಬಟ್ಟೆಗೆ ಹಚ್ಚಿ, ಬಟ್ಟೆಯಿಂದ ಮೈಗೆ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಲ್ಲಿ ತೀಡಿದರೆ ಸಾಕು. ದಪ್ಪಗೆ ಹಚ್ಚಿದರೆ ಬಿರುಕುಗಳಲ್ಲಿ ಬಿಳಿಯಾಗಿ ಕೂತು ಯಂತ್ರ ಮುಪ್ಪಾದಂತೆ ಕಾಣುತ್ತದೆ. ವರ್ಷಕ್ಕೊಮ್ಮೆ ಮೇಣ, ಹೊಲಿದ ದಿನವೆಲ್ಲ ಒಣ ಬಟ್ಟೆಯಲ್ಲಿ ಒಂದು ಒರೆಸು. ನಿತ್ಯದ ಆರೈಕೆ ಇಷ್ಟೇ.

ಕೆಲವರು ಕುದಿಸಿದ ಅಗಸೆ ಎಣ್ಣೆ ಸವರಿ ಹೊಳಪು ತರಿಸುತ್ತಾರೆ. ಮೊದಲ ವಾರ ಚೆನ್ನಾಗಿಯೇ ಇರುತ್ತದೆ, ಬರಬರುತ್ತ ಹಳದಿಗಟ್ಟಿ ಅಂಟಾಗುತ್ತದೆ. ಅಷ್ಟೇ ಅಲ್ಲ, ಆ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಉಂಡೆಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯವಿದೆ. ಬಳಸಲೇಬೇಕೆಂದರೆ ಬಟ್ಟೆಯನ್ನು ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿ ಒಣಗಿಸಬೇಕು.

ಬಿಳಿ ಲೋಹದ ಭಾಗಗಳಲ್ಲಿ ಕೈ ಸ್ವಲ್ಪ ಧಾರಾಳವಾಗಬಹುದು. ಗಾಲಿಯ ಸುತ್ತು, ಜಾರುವ ತಗಡು, ಸೂಜಿಯ ಬದಿಯ ಎಲೆಬಳ್ಳಿ ಕೆತ್ತನೆಯ ಮುಖಫಲಕ ಇವೆಲ್ಲ ಹಳೆಯ ಯಂತ್ರಗಳಲ್ಲಿ ನಿಕ್ಕಲ್ ಲೇಪದವು, ನಂತರದವುಗಳಲ್ಲಿ ಕ್ರೋಮ್. ಪಕ್ಕಪಕ್ಕ ಇಟ್ಟರೆ ನಿಕ್ಕಲ್‌ನಲ್ಲಿ ಬೆಣ್ಣೆಯ ಛಾಯೆ, ಕ್ರೋಮ್‌ನಲ್ಲಿ ನೀಲಿ ಛಾಯೆ. ನಿಕ್ಕಲ್ ಮೆದು, ಬಲವಾಗಿ ಉಜ್ಜಿದರೆ ಲೇಪ ಹೋಗಿ ಕೆಳಗಿನ ಲೋಹ ಬಯಲಾಗುತ್ತದೆ. ಹಿತ್ತಾಳೆ ಪಾಲಿಶ್‌ಗಳಲ್ಲಿ ಅನೇಕವಕ್ಕೆ ಅಮೋನಿಯಾ ಇರುವುದರಿಂದ ಫಲಕವನ್ನು ಮೈಮೇಲಿಟ್ಟುಕೊಂಡೇ ತಿಕ್ಕಬಾರದು. ತಿರುಪು ಬಿಚ್ಚಿ, ಫಲಕವನ್ನು ಬೇರೆ ಮೇಜಿಗೆ ಒಯ್ದು ಬೆಳಗಿ ತರಬೇಕು. ಬಿಚ್ಚಿದಾಗ ಅದರ ಅಂಚಿನಡಿ ಕೂದಲಗಲದ ಒಂದು ಪಟ್ಟಿ ಕಾಣುತ್ತದೆ. ಬಿಸಿಲು, ಕೈ, ಧೂಳು ಯಾವುದೂ ಮುಟ್ಟದ ಅಲ್ಲಿನ ಕಪ್ಪು ಕಾರ್ಖಾನೆ ಬಿಟ್ಟ ದಿನ ಹೇಗಿತ್ತೋ ಹಾಗೇ ಇದೆ. ಉಳಿದ ಮೈ ಎಷ್ಟು ಬದಲಾಗಿದೆ ಎಂದು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು.

ಕಪ್ಪಿಗೆ ಇರುವ ದೊಡ್ಡ ದೋಷ ಅದರ ಪೆಡಸುತನ. ಬಿದ್ದರೆ, ಬಡಿದರೆ ಗಾಜಿನಂತೆ ಚಕ್ಕೆ ಏಳುತ್ತದೆ. ಏಳಲಿ, ಚಕ್ಕೆ ಎದ್ದ ಜಾಗದ ಬರಿಯ ಕಬ್ಬಿಣಕ್ಕೆ ತೇವ ತಾಗದಂತೆ ನೋಡಿಕೊಂಡರೆ ಆಯಿತು. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಆಷಾಢದಲ್ಲಿ ಅದೇ ಕಷ್ಟ. ತುಕ್ಕು ಬಣ್ಣದ ಅಡಿಯಲ್ಲಿ ನುಸುಳಿ, ಉಬ್ಬಿ, ಸುತ್ತಲಿನ ಗಟ್ಟಿ ಕಪ್ಪನ್ನೂ ಎತ್ತಿಹಾಕುತ್ತದೆ. ಅಂಥ ಗಾಯಕ್ಕೆ ಎಣ್ಣೆ ಹಚ್ಚಿ ತುಕ್ಕನ್ನು ಬಿಡಿಸಿ, ಎಣ್ಣೆಯನ್ನು ಪೂರ್ತಿ ತೆಗೆದು, ಗಾಯದ ಗಡಿಯೊಳಗಷ್ಟೇ ಸಣ್ಣ ಕುಂಚದಿಂದ ಕಪ್ಪು ಎನಾಮೆಲ್ ತುಂಬಿದರೆ ಸಾಕು. ಮಳೆಗಾಲದಲ್ಲಿ ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ ಕಟ್ಟುವುದು ಬಹಳ ಮನೆಗಳ ಅಭ್ಯಾಸ. ಒಳಗೆ ಸೇರಿದ ತೇವ ಅಲ್ಲೇ ಕೂತು ಬೆವರುತ್ತದೆ. ಹಳೆಯ ಹತ್ತಿ ಸೀರೆಯ ತುಂಡು ಹೊದಿಸಿದರೆ ಯಂತ್ರ ಉಸಿರಾಡುತ್ತದೆ.

ಮೇಲ್ಪದರವೇ ಮೊಸಳೆ ಚರ್ಮದಂತೆ ಒಡೆದಿದ್ದರೆ ಉಳಿದಿರುವ ಮದ್ದು ಫ್ರೆಂಚ್ ಪಾಲಿಶ್. ಬಡಗಿಗಳು ಬಳಸುವುದೇ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಚಕ್ಕೆ. ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ಅರಗಿನ ನೀರು ಕುಡಿಸಿ, ಒಂದು ಹನಿ ಎಣ್ಣೆ ತಾಗಿಸಿ ನಿಲ್ಲದಂತೆ ಆಡಿಸಿದರೆ ಹಳೆಯ ಅರಗು ತುಸು ಕರಗಿ ಹೊಸದರೊಂದಿಗೆ ಬೆಸೆದುಕೊಳ್ಳುತ್ತದೆ. ಹಾಳುಮಾಡುವ ಸ್ಪಿರಿಟ್ಟೇ ಇಲ್ಲಿ ರಿಪೇರಿಯ ಸಾಧನ. ಕೈ ಅರೆಕ್ಷಣ ನಿಂತರೂ ಚಿತ್ತಾರ ಕದಡಿಹೋಗುತ್ತದೆ. ಆದ್ದರಿಂದ ಹಾಳಾದ ಮರದ ತುಂಡಿನ ಮೇಲೆ, ಆಮೇಲೆ ಚಿತ್ತಾರವಿಲ್ಲದ ಹಳೆಯ ಯಂತ್ರದ ತಲೆಯೊಂದರ ಮೇಲೆ ಕೈ ಕುದುರಿಸಿಕೊಳ್ಳದವರು ಒಳ್ಳೆಯ ಯಂತ್ರದ ಮೇಲೆ ಇದನ್ನು ಮಾಡಬಾರದು.

ಮರದ ಮಾತು ಬಂದಾಗ ಕ್ಲೈಡ್‌ಬ್ಯಾಂಕ್‌ನ ಹೆಂಗಸರನ್ನು ನೆನೆಯಬೇಕು. ಯಂತ್ರದ ಪೆಟ್ಟಿಗೆ, ಮೇಜುಗಳನ್ನು ಆ ಕಾರ್ಖಾನೆಯಲ್ಲಿ ಪಾಲಿಶ್ ಮಾಡುತ್ತಿದ್ದವರು ಹೆಂಗಸರು. 1911ರ ಮಾರ್ಚ್‌ನಲ್ಲಿ ಅವರ ಗುಂಪಿನಿಂದ ಮೂವರನ್ನು ತೆಗೆದು, ಆ ಮೂವರ ಕೆಲಸವನ್ನು ಉಳಿದ 12 ಮಂದಿಯ ಮೇಲೆ ಹೇರಿದರು. 21ರಂದು ಆ ಹನ್ನೆರಡು ಜನ ಕೆಲಸ ಬಿಟ್ಟು ಹೊರಬಂದರು. ಕೆಲವೇ ದಿನಗಳಲ್ಲಿ ಅವರ ಹಿಂದೆ ಸುಮಾರು 11,000 ಕಾರ್ಮಿಕರಿದ್ದರು. ಏಪ್ರಿಲ್ 10ರ ಹೊತ್ತಿಗೆ ಮುಷ್ಕರ ಸೋತಿತು, ಮುಂದಾಳುಗಳು ಸೇರಿ ನೂರಾರು ಜನ ಕೆಲಸ ಕಳೆದುಕೊಂಡರು. ಸ್ಕಾಟ್ಲೆಂಡಿನ ಕಾರ್ಮಿಕ ಚರಿತ್ರೆ ಬರೆದವರು ಆ ಮೂರು ವಾರಗಳನ್ನು ಮರೆತಿಲ್ಲ. ಹಳೆಯ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಇಂದಿಗೂ ಉಳಿದಿರುವ ಜೇನಿನ ಬಣ್ಣದ ಮೆರುಗು ಅಂಥ ಕೈಗಳು ಕೊಟ್ಟದ್ದು. ಅದಕ್ಕೂ ನೀರು ಬೇಡ, ಸ್ಪಿರಿಟ್ ಬೇಡ, ಮೇಣ ಸಾಕು.

ಉಷಾ ಯಂತ್ರಗಳಿಗೂ, ಲೂಧಿಯಾನದ ಕಾರ್ಖಾನೆಗಳಿಂದ ಬಂದ ಕಪ್ಪು ಯಂತ್ರಗಳಿಗೂ ಇದೇ ಕ್ರಮ ಹೊಂದುತ್ತದೆ. ಕಲ್ಕತ್ತೆಯ ಜೇ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಉಷಾ ತಯಾರಿಕೆ ಶುರುಮಾಡಿದಾಗಿನಿಂದ ನಮ್ಮ ಯಂತ್ರಗಳೂ ಬಹುಪಾಲು ಸಿಂಗರ್ 15ರ ಮೈಕಟ್ಟನ್ನೇ ತಳೆದವು. ಹೊರಗಿನ ಬಣ್ಣ ಕಾಲಕಾಲಕ್ಕೆ ಬದಲಾಗಿದೆ, ಹಾಗಾಗಿ ಹತ್ತಿ ಕಡ್ಡಿಯ ಪರೀಕ್ಷೆಯನ್ನು ಇಲ್ಲೂ ಬಿಡುವಂತಿಲ್ಲ. ಪೂಜೆಯ ವಿಷಯದಲ್ಲಿ ಒಂದು ಕೋರಿಕೆ: ಗಂಧ, ಅರಿಶಿನ ನೀರಲ್ಲಿ ಕಲಸಿದವು, ಕುಂಕುಮದಲ್ಲಿ ಸುಣ್ಣದ ಅಂಶವಿದ್ದೀತು. ಚಿತ್ತಾರದ ಮೇಲೆ ಒಣಗಿ ಕೂತ ಬೊಟ್ಟನ್ನು ಮರುದಿನ ಉಗುರಿನಿಂದ ಕೆರೆದಾಗ ಪಟವೂ ಜೊತೆಗೇ ಬರುತ್ತದೆ. ಬೊಟ್ಟನ್ನು ಗಾಲಿಯ ಬಿಳಿ ಸುತ್ತಿಗೋ ಮೇಜಿನ ಕಬ್ಬಿಣದ ಕಾಲಿಗೋ ಇಟ್ಟು, ತೋಳಿಗೆ ಒಂದು ಮೊಳ ಸೇವಂತಿಗೆ ಸುತ್ತಿದರೆ ಪೂಜೆಗೂ ಕೊರತೆಯಿಲ್ಲ, ಯಂತ್ರಕ್ಕೂ ನೋವಿಲ್ಲ.

ಇಷ್ಟೆಲ್ಲ ಮಾಡುವುದಕ್ಕಿಂತ ಪೇಂಟರ್‌ಗೆ ಕೊಟ್ಟು ಡ್ಯೂಕೊ ಹೊಡೆಸಿ, ಹೊಸ ಪಟ ಅಂಟಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ನಕಲು ಪಟಗಳು ಈಗ ಸಿಗುತ್ತವೆ. ತುಕ್ಕು ತಿಂದು ಮೈಯೇ ಉಳಿಯದ ಯಂತ್ರಕ್ಕೆ ಅದು ಸರಿಯಾದ ದಾರಿ. ಮುಕ್ಕಾಲು ಭಾಗ ಚಿತ್ತಾರ ಉಳಿದಿರುವ ಯಂತ್ರಕ್ಕೆ ಸ್ಪ್ರೇ ಹೊಡೆಸುವುದು ದೊಡ್ಡ ತಪ್ಪು. ಬೇಯಿಸಿದ ಡಾಂಬರಿನ ಆಳ ಹೊಸ ಬಣ್ಣಕ್ಕೆ ಬರುವುದಿಲ್ಲ, ಗುಂಡುಸೂಜಿಯ ಗೀರುಗಳೂ ಮುಂಗೈ ಸವೆಸಿದ ಅಂಚೂ ಒಟ್ಟಿಗೇ ಮುಚ್ಚಿಹೋಗುತ್ತವೆ. ಜೊತೆಗೆ ಇನ್ನೊಂದು ನಷ್ಟವಿದೆ. ಹಾಸಿನ ಬಲಬದಿಯಲ್ಲಿ, ಗಾಲಿಯ ಕೆಳಗೆ, ಉಬ್ಬಿದ ಸಣ್ಣ ಪಟ್ಟಿಯಲ್ಲಿ ಯಂತ್ರದ ಕ್ರಮಸಂಖ್ಯೆ ಒತ್ತಿರುತ್ತಾರೆ. ದಪ್ಪ ಪೇಂಟ್ ಬಿದ್ದರೆ ಆ ಅಂಕಿಗಳು ತುಂಬಿಹೋಗುತ್ತವೆ. ಯಂತ್ರ ಯಾವ ಕಾರ್ಖಾನೆಯಲ್ಲಿ, ಯಾವ ವರ್ಷ ಹುಟ್ಟಿತು ಎಂದು ಹೇಳುವುದು ಆ ಸಂಖ್ಯೆ. ಅದನ್ನು ಓದಲು ಪಟ್ಟಿಯ ಮೇಲೆ ಎಣ್ಣೆ ಹತ್ತಿ ಆಡಿಸಿ, ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿಯಬೇಕು. ಮೊದಲು ಅಕ್ಷರ ಏಳುತ್ತದೆ. ಎಫ್ ಆದರೆ 1910ರ ಆಸುಪಾಸಿನಿಂದ ಮುಂದಿನ ವರ್ಷಗಳ ಕ್ಲೈಡ್‌ಬ್ಯಾಂಕ್, ವೈ ಆದರೆ 1920–30ರ ದಶಕಗಳದ್ದು, ಇ ಯಿಂದ ಶುರುವಾಗುವ ಜೋಡಿ ಅಕ್ಷರವಾದರೆ 1930ರ ದಶಕದ ನಡುಭಾಗದ ನಂತರದ್ದು. ಅಕ್ಷರದ ಹಿಂದೆಯೇ ನೆರಳಿನೊಳಗಿಂದ ಅಂಕಿಗಳು ಒಂದೊಂದಾಗಿ ಕಾಣತೊಡಗುತ್ತವೆ.